ಹೆಸರಿಡುವ ಅಧಿಕಾರ ಯಾರದು?

ಕಾರ್ಮಿಟಾ ವುಡ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಂಟು ವರ್ಷ ಕೆಲಸ ಮಾಡಿದ್ದರು. ಅಲ್ಲಿನ ಒಬ್ಬ ಪ್ರಾಧ್ಯಾಪಕ ನೆಪ ಮಾಡಿಕೊಂಡು ಮೈ ಮುಟ್ಟುತ್ತಿದ್ದ. ಸಹಿಸಿ ಸಾಕಾಗಿ 1974ರಲ್ಲಿ ಕೆಲಸ ಬಿಟ್ಟರು. ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದಾಗ, ಕೆಲಸ ಬಿಟ್ಟಿದ್ದು ಯಾಕೆ ಎಂಬ ಪ್ರಶ್ನೆ ಬಂತು. ನಾಚಿಕೆ, ಮುಜುಗರ. ಹೇಗೆ ಹೇಳಬೇಕೆಂದೇ ತೋಚಲಿಲ್ಲ. ಅರ್ಜಿಯ ಖಾಲಿ ಜಾಗವನ್ನಂತೂ ತುಂಬಲೇಬೇಕು. ‘ವೈಯಕ್ತಿಕ ಕಾರಣ’ ಎಂದರು. ಭತ್ಯೆ ಸಿಗಲಿಲ್ಲ.

ತಮಗೆ ಏನಾಯಿತು ಎಂಬುದು ವುಡ್ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಆ ತಿಳಿವಳಿಕೆ ಕಚೇರಿಯಲ್ಲಿ ಲೆಕ್ಕಕ್ಕೇ ಬರಲಿಲ್ಲ. ಮರುವರ್ಷ, ಕಾರ್ನೆಲ್ ಇರುವ ಇಥಾಕಾ ಊರಿನಲ್ಲಿ ಹೆಂಗಸರು ಒಟ್ಟಿಗೆ ಕೂತು ಮಾತಾಡಿದಾಗ ಒಬ್ಬೊಬ್ಬರದೂ ಇಂಥದ್ದೇ ಕಥೆ. ಸಭೆ ಕರೆದು ದನಿ ಎತ್ತೋಣ ಎಂದುಕೊಂಡರು. ಆದರೆ ಇದನ್ನು ಏನೆಂದು ಕರೆಯುವುದು? ನಾಲ್ಕಾರು ಹೆಸರು ಯೋಚಿಸಿ, ‘ಲೈಂಗಿಕ ಕಿರುಕುಳ’ ಎಂಬುದನ್ನು ಆರಿಸಿಕೊಂಡರು. 1986ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಕಾನೂನಿಗೆ ವಿರುದ್ಧವಾದ ತಾರತಮ್ಯವೆಂದು ಒಪ್ಪಿತು.

ತತ್ವಶಾಸ್ತ್ರಜ್ಞೆ ಮಿರಾಂಡಾ ಫ್ರಿಕರ್ 2007ರಲ್ಲಿ ಈ ಘಟನೆಯನ್ನು ಹಿಡಿದು ಒಂದು ಸೂಕ್ಷ್ಮ ತೋರಿಸಿದರು. ಆ ಪ್ರಾಧ್ಯಾಪಕನಿಗೂ ತನ್ನ ನಡತೆಗೆ ಹೆಸರು ಗೊತ್ತಿರಲಿಲ್ಲ. ಆದರೆ ಅದರಿಂದ ಅವನಿಗೇನೂ ನಷ್ಟವಾಗಲಿಲ್ಲ, ಲಾಭವೇ ಆಯಿತು. ಹೆಸರಿಲ್ಲದಿದ್ದುದು ಸುಮ್ನೆ ಆಕಸ್ಮಿಕವೂ ಅಲ್ಲ. ಕಾನೂನು ಬರೆಯುವ, ಪತ್ರಿಕೆ ನಡೆಸುವ, ಪಾಠ ಹೇಳುವ ಜಾಗಗಳಲ್ಲಿ ಹೆಂಗಸರಿಗೆ ಹೆಚ್ಚು ಪಾಲೇ ಇರಲಿಲ್ಲ.

ಅಧಿಕಾರ ಎಂದರೆ ಪೊಲೀಸು, ಸೆರೆಮನೆ ಎಂದಷ್ಟೇ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಫ್ರಾನ್ಸಿನ ತತ್ವಶಾಸ್ತ್ರಜ್ಞ ಮಿಶೆಲ್ ಫುಕೊ ಇದನ್ನು ಒಪ್ಪಲಿಲ್ಲ. ಪರೀಕ್ಷೆಯ ಅಂಕ, ರೋಗಿಯ ಕಡತ, ಕೈದಿಯ ದಾಖಲೆ ಇವೆಲ್ಲದರಲ್ಲೂ ಅಧಿಕಾರವಿದೆ ಎಂದರು. ಜನರನ್ನು ಗಮನಿಸಿ, ಬರೆದಿಟ್ಟು, ಗುಂಪು ಮಾಡುತ್ತಾರೆ. ಅದು ಜ್ಞಾನವಾಗುತ್ತದೆ. ಅದೇ ಜ್ಞಾನ ಅದೇ ಜನರನ್ನು ಆಳಲು ಬಳಕೆಯಾಗುತ್ತದೆ.

ಇದರ ಅತಿ ಕೆಟ್ಟ ರೂಪವನ್ನು 1851ರಲ್ಲಿ, ಗುಲಾಮಗಿರಿ ಇದ್ದ ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ನೋಡಬಹುದು. ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅಲ್ಲಿನ ವೈದ್ಯರ ಸಂಘಕ್ಕೆ ಒಂದು ವರದಿ ಒಪ್ಪಿಸಿದ. ಗುಲಾಮರು ಒಡೆಯರಿಂದ ಓಡಿಹೋಗುವುದು ಒಂದು ಮನೋರೋಗ ಎಂದ. ಅದಕ್ಕೆ ‘ಡ್ರಾಪೆಟೋಮೇನಿಯಾ’ ಎಂಬ ಗ್ರೀಕ್ ಮೂಲದ ಗಂಭೀರ ಹೆಸರನ್ನೂ ಇಟ್ಟ. ಓಡುವ ಲಕ್ಷಣ ಕಂಡರೆ ಚಾಟಿಯೇಟು ಕೊಡುವುದು ಅವನು ಸೂಚಿಸಿದ ಉಪಾಯಗಳಲ್ಲಿ ಒಂದು. ಗುಲಾಮರಿಗೆ ಓದು ಕಲಿಸುವುದೇ ಅಪರಾಧ ಎಂದು ಅದೇ ರಾಜ್ಯ 1830ರಲ್ಲಿ ಕಾನೂನು ಮಾಡಿತ್ತು. ರೋಗದ ಹೆಸರು ಹೊತ್ತವರು ಆ ವರದಿಯನ್ನು ಓದುವಂತೆಯೂ ಇರಲಿಲ್ಲ.

ಹಾಗಾದರೆ ಬಲ ಜಾಸ್ತಿ ಇದ್ದವರು ಹೇಳಿದ್ದೇ ಸತ್ಯವೇ? ಕೆಲವರು ಫುಕೊ ಅವರನ್ನು ಓದಿ ಈ ಮಾತಿಗೆ ಬಂದು ನಿಲ್ಲುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಹಾಗೆ ಒಪ್ಪಿದರೆ ಕಾರ್ಟ್‌ರೈಟ್ ಹೇಳಿದ್ದು ಸುಳ್ಳು ಎನ್ನಲೂ ಆಗುವುದಿಲ್ಲ. ಗುಲಾಮರು ಓಡಿದ್ದು ಸ್ವಾತಂತ್ರ್ಯಕ್ಕಾಗಿ. ಇದು 1851ರಲ್ಲೂ ನಿಜವೇ ಆಗಿತ್ತು, ಅಚ್ಚಿನಲ್ಲೂ ಬಂದಿತ್ತು. 1838ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡಿದ್ದ ಫ್ರೆಡರಿಕ್ ಡಗ್ಲಸ್ 1845ರಲ್ಲೇ ತಮ್ಮ ಆತ್ಮಕಥೆ ಪ್ರಕಟಿಸಿದ್ದರು. ಕಾರಣ ಬೇಕಿದ್ದವರು ಅದನ್ನು ತೆರೆದು ಓದಬಹುದಿತ್ತು. ಆ ಪುಸ್ತಕಕ್ಕೂ, ಇದರಲ್ಲಿರುವುದು ನಿಜ ಎಂದು ಇಬ್ಬರು ಬಿಳಿಯರು ಮೊದಲ ಪುಟಗಳಲ್ಲಿ ಬರೆದುಕೊಡಬೇಕಾಯಿತು.