ಸ್ನಾನದ ಕಾಲಂನಲ್ಲಿ ಏನು ಬರೆಯಬೇಕು?

ಒಂದೇ ಫೈಲಿನಲ್ಲಿ ಎರಡು ಫಾರ್ಮ್‌ಗಳಿದ್ದವು. ಹಿರಿಯರು ದಿನನಿತ್ಯದ ಯಾವ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಾರೆ ಎಂದು ದಾಖಲಿಸುವ ಫಾರ್ಮ್ ಅದು. ಹಿರಿಯರ ಆರೈಕೆಯ ನಮ್ಮದೇ ತಂಡದ ಇಬ್ಬರು ಕೇಸ್ ವರ್ಕರ್‌ಗಳು ಹತ್ತು ದಿನಗಳ ಅಂತರದಲ್ಲಿ ಎಂಬತ್ತು ದಾಟಿದ ಅಜ್ಜರೊಬ್ಬರನ್ನು ನೋಡಿ ಬಂದು ತುಂಬಿದ್ದು. ‘ಸ್ನಾನ’ದ ಎದುರು ಒಬ್ಬರು ‘ತಾವೇ ಮಾಡುತ್ತಾರೆ’ಗೆ ಟಿಕ್ ಹಾಕಿದ್ದರೆ ಇನ್ನೊಬ್ಬರದು ‘ಸಹಾಯ ಬೇಕು’. ಯಾರದು ತಪ್ಪು ಎಂದು ಇಬ್ಬರನ್ನೂ ಕೂರಿಸಿ ಕೇಳಿದೆ. ಯಾರದೂ ತಪ್ಪಿರಲಿಲ್ಲ. ಮೊದಲನೆಯವರು ‘ಸ್ನಾನ ನೀವೇ ಮಾಡ್ಕೋತೀರಾ?’ ಎಂದು ಅಜ್ಜನನ್ನೇ ಕೇಳಿದ್ದರು, ‘ಮತ್ತಿನ್ಯಾರು ಮಾಡಿಸ್ತಾರೆ?’ ಎಂದು ಅವರು ನಕ್ಕಿದ್ದರಂತೆ. ಎರಡನೆಯವರು ಕೇಳಿದ್ದು ಸೊಸೆಯನ್ನು. ಒಮ್ಮೆ ಬಚ್ಚಲಲ್ಲಿ ಜಾರಿದ ಮೇಲೆ ಮಗ ಬಾಗಿಲ ಬಳಿ ನಿಲ್ಲದೆ ಅಜ್ಜ ಒಳಗೆ ಕಾಲಿಡುವುದಿಲ್ಲ, ಮಗ ಊರಲ್ಲಿಲ್ಲದ ವಾರ ಸ್ನಾನವೇ ಇಲ್ಲ ಎಂದಿದ್ದರು ಆಕೆ.

ಎಲ್ಲರ ಕೈಗೂ ಒಂದೇ ಫಾರ್ಮ್ ಕೊಟ್ಟರೆ ಅಸೆಸ್‌ಮೆಂಟ್ ಏಕರೂಪವಾಯಿತು ಎಂದು ನಾನೂ ವರ್ಷಗಟ್ಟಲೆ ನಂಬಿದ್ದೆ. ಫಾರ್ಮ್ ಒಂದೇ ಇತ್ತು, ಪ್ರಶ್ನೆ ಒಂದೇ ಇರಲಿಲ್ಲ. ದಿನನಿತ್ಯದ ಕೆಲಸಗಳಿಗೆ ಅಂಕ ಕೊಡುವ, 1965ರ ಬಾರ್ತೆಲ್ ಸೂಚ್ಯಂಕದ ಬಳಕೆಯ ಸೂಚನೆ ಈ ಗೊಂದಲವನ್ನು ಮೊದಲೇ ಬಿಡಿಸಿಟ್ಟಿದೆ: ವ್ಯಕ್ತಿ ಏನು ಮಾಡಬಲ್ಲರು ಎಂಬುದನ್ನಲ್ಲ, ದಿನವೂ ಏನು ಮಾಡುತ್ತಿದ್ದಾರೆ ಎಂಬುದನ್ನು ಬರೆಯಿರಿ. ಅಜ್ಜ ಒಬ್ಬರೇ ಸ್ನಾನ ಮಾಡಬಲ್ಲರು, ಮಾಡುತ್ತಿಲ್ಲ.

ಸ್ನಾನಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. 1963ರಲ್ಲಿ ಬಂದ ಕ್ಯಾಟ್ಜ್ ಸೂಚ್ಯಂಕದಲ್ಲಿ ಆರು ಕೆಲಸಗಳಿವೆ: ಸ್ನಾನ, ಬಟ್ಟೆ ತೊಡುವುದು, ಶೌಚ, ಹಾಸಿಗೆಯಿಂದ ಕುರ್ಚಿಗೆ ಹೋಗುವುದು, ಮಲಮೂತ್ರದ ಹಿಡಿತ, ಊಟ. ಸಾಮಾನ್ಯವಾಗಿ ಮೊದಲು ಕೈತಪ್ಪುವುದು ಸ್ನಾನ, ಕೊನೆಗೆ ಊಟ. ಆ ಮೊದಲ ಸಾಲನ್ನೇ ತಪ್ಪಾಗಿ ತುಂಬಿದರೆ ಎಚ್ಚೆತ್ತುಕೊಳ್ಳುವ ಹೊತ್ತು ಕಳೆದುಹೋಗುತ್ತದೆ. ಮಾತ್ರೆ ಎಣಿಸಿಕೊಳ್ಳುವುದು, ಹಣದ ಲೆಕ್ಕ, ಫೋನ್ ಇವೆಲ್ಲ ಇನ್ನೂ ಮುಂಚೆಯೇ ಸಡಿಲವಾಗುವುದುಂಟು. ಅವನ್ನು ಅಳೆಯಲು ಲಾಟನ್–ಬ್ರೋಡಿ ಪಟ್ಟಿ ಇದೆ.

ಆಮೇಲೆ ನಾವು ಫಾರ್ಮನ್ನು ಮುಟ್ಟಲಿಲ್ಲ. ಅದರ ಜೊತೆಗೆ ಒಂದು ಹಾಳೆ ಸೇರಿಸಿದೆವು, ಅಷ್ಟೇ. ಕಳೆದ ಏಳು ದಿನಗಳದ್ದನ್ನು ಮಾತ್ರ ಕೇಳುವುದು. ಪ್ರತಿ ಉತ್ತರದ ಪಕ್ಕ ‘ನೋಡಿದ್ದು’ ಅಥವಾ ‘ಹೇಳಿದ್ದು’ ಎಂದು ಗುರುತು ಹಾಕುವುದು, ಹೇಳಿದ್ದಾದರೆ ಯಾರು ಎಂಬುದೂ ಬೇಕು. ಬಾಗಿಲ ಬಳಿ ಒಬ್ಬರು ನಿಲ್ಲಬೇಕಾದರೆ ಅದೂ ಸಹಾಯವೇ. ಆಗಾಗ ಇಬ್ಬರು ಒಟ್ಟಿಗೆ ಹೋಗಿ, ಬೇರೆ ಬೇರೆ ತುಂಬಿ, ತಾಳೆ ನೋಡುವುದು. ಈ ಕೊನೆಯದಕ್ಕೆ ತಂಡ ಗೊಣಗಿತು. ಕಲಿತದ್ದು ಹೆಚ್ಚು ಇದರಿಂದಲೇ.

ನಡಿಗೆಯ ಪರೀಕ್ಷೆಯೂ ಹೀಗೆಯೇ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ಎಣಿಸುತ್ತೇವೆ. ಆದರೆ ಒಮ್ಮೆ ಕೈಯಿರುವ ಕುರ್ಚಿ, ಇನ್ನೊಮ್ಮೆ ಮೆತ್ತನೆಯ ಸೋಫಾ ಎಂದಾದರೆ ಆ ಸೆಕೆಂಡುಗಳನ್ನು ಹೋಲಿಸಿ ಏನು ಪ್ರಯೋಜನ? ಹಿರಿಯರ ಖಿನ್ನತೆ ಅಳೆಯುವ ಪಟ್ಟಿಯ 15 ಪ್ರಶ್ನೆಗಳನ್ನಂತೂ ಮನೆಯವರ ಎದುರು ಕೇಳಲೇಬಾರದು. ‘ಬದುಕು ಬರಿದು ಅನ್ನಿಸುತ್ತಾ?’ ಎಂದು ಮಗಳ ಮುಂದೆ ಕೇಳಿದರೆ ಯಾವ ತಾಯಿ ಹೌದು ಅನ್ನುತ್ತಾಳೆ!

‘ಮನುಷ್ಯರನ್ನು ಅಂಕಿ ಮಾಡ್ತಿದ್ದೀರಿ’ ಎಂಬ ದೂರು ತಂಡದ ಹಳಬರಿಂದ ಬರುತ್ತದೆ. ಅರ್ಧ ನಿಜ. ಬಾರ್ತೆಲ್‌ನಲ್ಲಿ ಒಂದೇ ಒಟ್ಟು ಅಂಕ ಪಡೆದ ಇಬ್ಬರಲ್ಲಿ ಒಬ್ಬರಿಗೆ ಮೆಟ್ಟಿಲು ಕಷ್ಟ, ಇನ್ನೊಬ್ಬರಿಗೆ ಮೂತ್ರದ ಹಿಡಿತವಿಲ್ಲ. ಹಾಗಾಗಿ ನಮ್ಮ ಮೀಟಿಂಗ್‌ನಲ್ಲಿ ಒಟ್ಟು ಅಂಕ ಹೇಳುವಂತಿಲ್ಲ, ಯಾವ ಸಾಲಿನಲ್ಲಿ ಅಂಕ ಹೋಯಿತೋ ಅದನ್ನೇ ಹೇಳಬೇಕು. ಆ ಸಾಲಿಗೆ ಒಂದು ಕೆಲಸ, ಒಬ್ಬರ ಹೆಸರು, ಒಂದು ತಾರೀಖು. ‘ತಂಡ ಗಮನಿಸುತ್ತದೆ’ ಎಂದು ಬರೆದರೆ ಯಾರೂ ಗಮನಿಸುವುದಿಲ್ಲ. ಮರು ಅಸೆಸ್‌ಮೆಂಟ್‌ಗೂ ಕ್ಯಾಲೆಂಡರ್ ಒಂದನ್ನೇ ನೆಚ್ಚಿಕೊಳ್ಳಲಾಗದು: ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದಾಗ, ಬಿದ್ದಾಗ, ಸಂಗಾತಿ ತೀರಿಕೊಂಡಾಗ, ನೋಡಿಕೊಳ್ಳುವವರು ಬದಲಾದಾಗ ಮತ್ತೆ ಹೋಗಲೇಬೇಕು.

ಅಜ್ಜನ ಬಚ್ಚಲಿಗೆ ಹಿಡಿಕೆ ಬಂತು, ಕೂರಲು ಸ್ಟೂಲ್ ಬಂತು, ಮಗ ಊರಲ್ಲಿಲ್ಲದ ವಾರ ಎರಡು ದಿನ ನಮ್ಮ ಸಹಾಯಕ ಹೋಗುವುದೆಂದಾಯಿತು. ಫೈಲಿನಲ್ಲೀಗ ಮೂರನೇ ಫಾರ್ಮ್ ಇದೆ. ಸ್ನಾನ: ತಾವೇ, ಕೂತು, ಹಿಡಿಕೆ ಹಿಡಿದು. ಹೇಳಿದ್ದು: ಅಜ್ಜ, ಸೊಸೆ, ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ.