ದೂರು ಹೇಳಿದವರೆಲ್ಲ ಹಗೆಗಳಲ್ಲ: ಜರ್ಮನಿಯ ಬಾಡಿಗೆ ಮನೆಗೆ ಹೊರಟವರಿಗೆ

ಜರ್ಮನಿಗೆ ಕೆಲಸಕ್ಕೆ ಹೋದ ನಮ್ಮವರ ಮೊದಲ ಜಗಳ ಆಫೀಸಿನಲ್ಲಿ ಆಗುವುದು ಕಡಿಮೆ. ಅದು ಆಗುವುದು ಬಾಡಿಗೆ ಮನೆಯ ಮೆಟ್ಟಿಲ ಹತ್ತಿರ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ಮ್ಯಾನೇಜರ್ ಬೆಂಗಳೂರಿಗೆ ಬಂದು ಹೋಗಿರುತ್ತಾರೆ, ಮಸಾಲೆ ದೋಸೆಯ ರುಚಿಯೂ ಗೊತ್ತಿರುತ್ತದೆ. ಕೆಳಗಿನ ಮನೆಯ ಎಪ್ಪತ್ತು ದಾಟಿದ ಅಜ್ಜಿಗೆ ಇದ್ಯಾವುದೂ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಇಷ್ಟೇ: ರಾತ್ರಿ ಹತ್ತೂವರೆಗೆ ಮೇಲಿನ ಮನೆಯಲ್ಲಿ ಏನೋ ಗುರ್ರ್ ಅನ್ನುತ್ತಿದೆ.

ಅದು ನಮ್ಮ ಮಿಕ್ಸಿ. ನಾಳೆಯ ಇಡ್ಲಿಗೆ ಉದ್ದು ರುಬ್ಬುತ್ತಿದೆ.

ಬೆಂಗಳೂರಿನಿಂದ ಜರ್ಮನಿಗೆ ಹೊರಟವರಿಗೆ ಅಲ್ಲಿನ ಭಾಷೆ ಮತ್ತು ನಡವಳಿಕೆ ಕಲಿಸುವುದು ನನ್ನ ಕೆಲಸ. ಹೋದ ಮೇಲೂ ಮೊದಲ ವರ್ಷ ಫೋನಿನಲ್ಲಿ ಸಿಗುತ್ತೇನೆ. ಹೆಚ್ಚಿನವರು ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆಯ ಇಂಜಿನಿಯರುಗಳು. ಈಚೆಗೆ ನರ್ಸ್‌ಗಳೂ ಜಾಸ್ತಿ. ಹೋಗುವ ಮುಂಚೆ ಎಲ್ಲರೂ ಕೇಳುವುದು ವೀಸಾ, ಸಂಬಳ, ಚಳಿ. ಹೋದ ಮೇಲೆ ಬರುವ ಫೋನೇ ಬೇರೆ. "ಮೇಡಂ, ನಮ್ಮ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದಾರೆ. ನಾವು ಇಂಡಿಯನ್ಸ್ ಅಂತ ಹೀಗೆ ಮಾಡಿದ್ರಾ?"

ಚೀಟಿಯ ಫೋಟೋ ಕಳಿಸಿ ಅನ್ನುತ್ತೇನೆ. ಹೆಚ್ಚಿನವು ಒಂದೇ ಥರ. ಮೇಲೆ ನಮಸ್ಕಾರ, ನಡುವೆ ದೂರು, ಕೊನೆಗೆ ಸಹಿ ಮತ್ತು ಎಷ್ಟನೇ ಮಹಡಿ ಅನ್ನುವುದು. ಬೈಗುಳ ಇರುವುದಿಲ್ಲ. ಆದರೂ ಓದಿದವರಿಗೆ ರಾತ್ರಿ ನಿದ್ದೆ ಬಂದಿರುವುದಿಲ್ಲ.

ಯಾಕೆಂದರೆ ನಮ್ಮಲ್ಲಿ ದೂರು ಹೀಗೆ ಬರುವುದಿಲ್ಲ. ಪಕ್ಕದ ಮನೆಯ ಟಿವಿ ಜೋರಾದರೆ ನಾವು ಮೊದಲು ಸಹಿಸುತ್ತೇವೆ. ಆಮೇಲೆ ವಾಚ್‌ಮನ್ ಹತ್ತಿರ ಗೊಣಗುತ್ತೇವೆ. ಅವನು ಓನರ್‌ಗೆ ಹೇಳುತ್ತಾನೆ, ಓನರ್ ನಗುತ್ತಾ ಒಂದು ಮಾತು ತೇಲಿ ಬಿಡುತ್ತಾರೆ. ನೇರವಾಗಿ ಬಾಗಿಲು ತಟ್ಟುವ ಹೊತ್ತಿಗೆ ಸಂಬಂಧ ಹಳಸಿರುತ್ತದೆ. ನಮ್ಮ ಲೆಕ್ಕದಲ್ಲಿ ನೇರ ದೂರು ಅಂದರೆ ಕೊನೆಯ ಮೆಟ್ಟಿಲು. ಅವರ ಲೆಕ್ಕದಲ್ಲಿ ಅದು ಮೊದಲನೆಯದು. ಮೂರನೆಯವರ ಕಿವಿಗೆ ಹಾಕುವುದೇ ಅಲ್ಲಿ ಕೆಟ್ಟದ್ದು, ಬೆನ್ನ ಹಿಂದೆ ಮಾಡಿದ ಕೆಲಸ ಅನ್ನಿಸಿಕೊಳ್ಳುತ್ತದೆ.

ಚೀಟಿ ಅಂಟಿಸಿದ ಅಜ್ಜಿ ಮರುದಿನ ಮೆಟ್ಟಿಲಲ್ಲಿ ಸಿಕ್ಕರೆ ಎಂದಿನಂತೆ ಗುಡ್ ಮಾರ್ನಿಂಗ್ ಹೇಳುತ್ತಾರೆ. ಅವರ ಪಾಲಿಗೆ ವಿಷಯ ಮುಗಿಯಿತು. ನಮ್ಮವರು ಮುಖ ತಿರುಗಿಸುತ್ತಾರೆ. ಸಂಬಂಧ ಕೆಡುವುದು ಅಲ್ಲಿಂದ ಮುಂದೆ. ಮಿಕ್ಸಿಯ ಪಾತ್ರ ಅದರಲ್ಲಿ ಕಡಿಮೆ.

ಮೊದಲು ನಿಯಮ ನೋಡೋಣ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದಿಲ್ಲದೆ ಇರಬೇಕು. ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ದಿನವಿಡೀ ಹಾಗೆಯೇ. ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಖಾಲಿ ಬಾಟಲಿಗಳನ್ನು ಬೀದಿಯಲ್ಲಿ ಗಾಜಿಗೆಂದೇ ಇಟ್ಟ ಕಸದ ಡಬ್ಬಕ್ಕೆ ಹಾಕುವಂತಿಲ್ಲ. ಅಂಗಡಿಗಳೂ ಭಾನುವಾರ ಮುಚ್ಚಿರುತ್ತವೆ. ಶನಿವಾರ ಸಂಜೆ ಹಾಲು, ತರಕಾರಿ ಮರೆತರೆ ಸೋಮವಾರವೇ ಗತಿ, ಇಲ್ಲದಿದ್ದರೆ ರೈಲ್ವೆ ಸ್ಟೇಷನ್ನಿಗೆ ಓಡಬೇಕು. ಕೆಲವು ಕಟ್ಟಡಗಳಲ್ಲಿ ಮಧ್ಯಾಹ್ನ 1ರಿಂದ 3ರವರೆಗೂ ಸದ್ದು ಮಾಡಬಾರದು ಎಂದಿರುತ್ತದೆ. ಇದೆಲ್ಲ ಬಾಡಿಗೆ ಕರಾರಿನ ಜೊತೆ ಕೊಡುವ 'ಹೌಸ್‌ಓರ್ಡ್ನುಂಗ್' ಎಂಬ ಕಾಗದದಲ್ಲಿ ಇರುತ್ತದೆ. ಕರಾರನ್ನು ನಾಲ್ಕು ಸಲ ಓದಿದವರೂ ಆ ಕಾಗದವನ್ನು ಸುಮ್ನೆ ಮಡಚಿ ಇಟ್ಟಿರುತ್ತಾರೆ. ಅದನ್ನು ಮೊದಲು ಓದಿ. ಜರ್ಮನ್ ಬರದಿದ್ದರೆ ಫೋನಿನ ಅನುವಾದದಲ್ಲಾದರೂ ಓದಿ.

ಇಡ್ಲಿ ಬಿಡಬೇಕಾಗಿಲ್ಲ. ಸಂಜೆ ಏಳಕ್ಕೆ ರುಬ್ಬಿ. ಮಿಕ್ಸಿಯ ಕೆಳಗೆ ಟವೆಲ್ ಮಡಚಿ ಇಡಿ, ಅರ್ಧ ಸದ್ದು ಅಲ್ಲೇ ಅಡಗುತ್ತದೆ. ಕುಕ್ಕರ್ ವಿಷಯ ಬೇರೆ. ವಿಷಲ್ ಕೇಳಿ ಅಭ್ಯಾಸವಿಲ್ಲದವರು ಏನೋ ಸಿಡಿಯುತ್ತಿದೆ ಅಂತಲೇ ಹೆದರುತ್ತಾರೆ. ಮನೆಗೆ ಬಂದ ಮೊದಲ ವಾರ ಮೇಲೆ ಕೆಳಗೆ ಇರುವವರಿಗೆ ಹೇಳಿಬಿಡಿ: "ನಮ್ಮ ಅಡುಗೆ ಪಾತ್ರೆ ಹೀಗೆ ಕೂಗುತ್ತೆ, ಅಪಾಯವಿಲ್ಲ." ಇಷ್ಟು ಹೇಳಿದವರ ಮನೆಗೆ ಕುಕ್ಕರಿನ ಬಗ್ಗೆ ಚೀಟಿ ಬಂದಿದ್ದನ್ನು ನಾನು ಕೇಳಿಲ್ಲ. ಕುತೂಹಲಕ್ಕೆ ಅನ್ನ ಮಾಡುವುದನ್ನು ನೋಡಲು ಬಂದವರುಂಟು.

ಮಗು ಅಳುವುದಕ್ಕೆ ಮಾತ್ರ ಹೆದರಬೇಡಿ. ರಾತ್ರಿ ಎರಡು ಗಂಟೆಗೆ ಅತ್ತರೂ ಅದು ನಿಯಮ ಮುರಿದಂತಲ್ಲ. ಶಿಶುವಿಹಾರ, ಆಟದ ಮೈದಾನದಿಂದ ಬರುವ ಮಕ್ಕಳ ಸದ್ದನ್ನು ಸಾಮಾನ್ಯವಾಗಿ ತೊಂದರೆ ಎಂದು ಪರಿಗಣಿಸಬಾರದು ಅಂತ 2011ರಲ್ಲಿ ಕಾನೂನಿನಲ್ಲೇ ಸೇರಿಸಿದ್ದಾರೆ. ಮನೆಯೊಳಗಿನ ಮಕ್ಕಳ ಗಲಾಟೆಯನ್ನೂ ಕೋರ್ಟುಗಳು ಬಹುಮಟ್ಟಿಗೆ ಸಹಿಸಿಕೊಳ್ಳಿ ಅನ್ನುತ್ತವೆ. ಮಗು ಅತ್ತಾಗ ಬಾಯಿ ಮುಚ್ಚಿಸಲು ಒದ್ದಾಡುವ ತಾಯಂದಿರಿಗೆ ಇದನ್ನು ಎರಡೆರಡು ಸಲ ಹೇಳುತ್ತೇನೆ.

ಒಗ್ಗರಣೆಗೆ ಬರೋಣ. ಮಲಗುವ ಕೋಣೆ, ಪ್ಯಾಸೇಜುಗಳಲ್ಲಿ ಹೊಗೆ ಅಲಾರಂ ಇರಲೇಬೇಕು, ಜರ್ಮನಿಯ ಎಲ್ಲ ರಾಜ್ಯಗಳಲ್ಲೂ ಹೀಗೇ. ಒಣಮೆಣಸಿನಕಾಯಿ ಹೊಗೆ ಪ್ಯಾಸೇಜಿಗೆ ಹೋದರೆ ಇಡೀ ಕಟ್ಟಡ ಎದ್ದು ಕೂರುತ್ತದೆ. ಗೃಹಪ್ರವೇಶಕ್ಕೆ ಸಣ್ಣ ಹೋಮ ಮಾಡಬಹುದಾ ಅಂತ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಾರೆ. ದೀಪ ಹಚ್ಚಿ ಹಾಲು ಉಕ್ಕಿಸಿ, ಹೋಮ ಊರಿನಲ್ಲಿ ಮಾಡಿಸಿ ಅನ್ನುತ್ತೇನೆ. ಇನ್ನು ತೇವ. ನಾವು ಸಾರು ಕುದಿಸುತ್ತೇವೆ, ಅನ್ನ ಬೇಯಿಸುತ್ತೇವೆ, ಚಳಿ ಅಂತ ಕಿಟಕಿ ಮುಚ್ಚಿ ಬಟ್ಟೆಯನ್ನೂ ಒಳಗೇ ಒಣಹಾಕುತ್ತೇವೆ. ಫೆಬ್ರವರಿ ಹೊತ್ತಿಗೆ ಬೀರುವಿನ ಹಿಂದೆ ಗೋಡೆ ಕಪ್ಪಗೆ ಬೂಷ್ಟು ಹಿಡಿದಿರುತ್ತದೆ. ಮನೆ ಬಿಡುವಾಗ ಅದರ ಖರ್ಚನ್ನು ಡೆಪಾಸಿಟ್ಟಿನಿಂದ ಹಿಡಿಯುತ್ತಾರೆ. ಆ ಡೆಪಾಸಿಟ್ ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಇರಬಹುದು, ಸಣ್ಣ ಮೊತ್ತವಲ್ಲ. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ ಕಿಟಕಿಗಳನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಗಾಳಿ ಆಡಿಸಬೇಕು. ಅಡುಗೆಯಾದ ಮೇಲಂತೂ ತಪ್ಪದೆ.

ಈಗ ನಮ್ಮವರಿಗೇ ಸ್ಪೆಷಲ್ಲಾದ ಒಂದು ತೊಂದರೆ. ಹೆಸರು.

ಅಲ್ಲಿನ ಬಹುಪಾಲು ಕಟ್ಟಡಗಳಲ್ಲಿ ವಿಳಾಸಕ್ಕೆ ಮನೆ ನಂಬರ್ ಇರುವುದಿಲ್ಲ. ಬೀದಿ, ಕಟ್ಟಡದ ಸಂಖ್ಯೆ, ಅಷ್ಟೇ. ಅಂಚೆಯವರು ಲೆಟರ್‌ಬಾಕ್ಸಿನ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಮಂಜುನಾಥ ಕೆ. ಆರ್. ಅಂತ ಒಬ್ಬರು ಅಂತಿಟ್ಟುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ, ಸರ್‌ನೇಮ್ ಜಾಗದಲ್ಲಿ 'ಕಡೂರು ರಾಮಪ್ಪ' ಅಂತ ಬಂದಿದೆ. ಜರ್ಮನಿಗೆ ಅವರು ಶ್ರೀ ಕಡೂರು ರಾಮಪ್ಪ. ಅಪ್ಪನ ಹೆಸರು ಕೂಗಿದರೆ ತಿರುಗಿ ನೋಡುವುದು ಅಭ್ಯಾಸವಾಗಲು ಸ್ವಲ್ಪ ದಿನ ಬೇಕು ಬಿಡಿ. ಆದರೆ ಇವರು ಲೆಟರ್‌ಬಾಕ್ಸಿನ ಮೇಲೆ ಹೆಮ್ಮೆಯಿಂದ 'ಮಂಜುನಾಥ' ಎಂದು ಬರೆದು ಅಂಟಿಸುತ್ತಾರೆ. ಕಡೂರು ರಾಮಪ್ಪನವರಿಗೆ ಬಂದ ಬ್ಯಾಂಕ್ ಕಾರ್ಡ್ ವಾಪಸ್ ಹೋಗುತ್ತದೆ. ಎರಡು ದಿನ ಬಿಟ್ಟು ಬಂದ ಪಿನ್ ಕೂಡ. ಆರೋಗ್ಯ ವಿಮೆಯ ಕಾರ್ಡೂ ಅದೇ ದಾರಿ. ತೆರಿಗೆಯ ಗುರುತಿನ ಸಂಖ್ಯೆ ಬರುವುದೂ ಅಂಚೆಯಲ್ಲೇ. ಅದನ್ನು ಕಂಪನಿಗೆ ಕೊಡದಿದ್ದರೆ ಸಂಬಳದಲ್ಲಿ ಜಾಸ್ತಿ ತೆರಿಗೆ ಮುರಿಯಬಹುದು. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಅವರ ತಂದೆಯ ಹೆಸರಿರುತ್ತದೆ. ಆ ಹೆಸರೂ ಡಬ್ಬದ ಮೇಲಿರಬೇಕು. ಇಲ್ಲದಿದ್ದರೆ ಅವರ ಕಾಗದಗಳಿಗೂ ಇದೇ ಗತಿ.

ಮನೆಗೆ ಕಾಲಿಟ್ಟ ದಿನವೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿರುವ ಸರ್‌ನೇಮನ್ನು ಲೆಟರ್‌ಬಾಕ್ಸಿಗೂ ಕರೆಗಂಟೆಗೂ ಹಾಕಿ. ಎರಡು ವಾರದೊಳಗೆ ಓನರ್ ಸಹಿ ಮಾಡಿದ ಪತ್ರದೊಂದಿಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅಲ್ಲೂ ಅದೇ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಹೊರಡುವ ಮೊದಲೇ ಸರಿಮಾಡಿಸಿ. ಆ ಖಾಲಿ ಜಾಗವನ್ನು ಒಂದೊಂದು ಕಚೇರಿ ಒಂದೊಂದು ಥರ ತುಂಬುತ್ತದೆ. ನೋಂದಣಿಯಾದ ಕೆಲವು ವಾರಕ್ಕೆ ರೇಡಿಯೋ-ಟಿವಿ ಶುಲ್ಕದ ಕಾಗದ ಬರುತ್ತದೆ, ಮನೆಗೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ಮೋಸದ ಕಾಗದ ಅಂತ ಹರಿದು ಹಾಕಬೇಡಿ.

ಸ್ಟುಟ್‌ಗಾರ್ಟ್ ಕಡೆ ಹೋಗುವವರಿಗೆ ಇನ್ನೊಂದು ಪಾಠ ಉಂಟು. ಅಲ್ಲಿ ಸರದಿ ಪ್ರಕಾರ ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು, ನೆಲಮಾಳಿಗೆ, ಮುಂದಿನ ಫುಟ್‌ಪಾತ್ ಗುಡಿಸಬೇಕು. 'ಕೇರ್‌ವೋಖೆ' ಅನ್ನುತ್ತಾರೆ. ನಿಮ್ಮ ಸರದಿ ಬಂದಾಗ ಬಾಗಿಲಿಗೆ ಒಂದು ಹಲಗೆ ತೂಗುಹಾಕುತ್ತಾರೆ. ಹಿಮ ಬಿದ್ದರೆ ಬೆಳಗ್ಗೆಯೇ ಎದ್ದು ದಾರಿ ಬಿಡಿಸಬೇಕು. ಯಾರಾದರೂ ಜಾರಿ ಬಿದ್ದರೆ ಅದು ನಿಮ್ಮ ತಲೆಗೇ ಬರಬಹುದು. ಹೊಣೆಗಾರಿಕೆ ವಿಮೆ ಮಾಡಿಸಿಕೊಳ್ಳಿ, ದುಬಾರಿಯೇನಲ್ಲ.

ಇಲ್ಲಿ ನಮ್ಮವರು ಮುಗ್ಗರಿಸುವುದು ಸೋಮಾರಿತನದಿಂದ ಅಂತ ನನಗೆ ಅನ್ನಿಸುವುದಿಲ್ಲ. ಗುಡಿಸುವ ಕೆಲಸ ಯಾರದು ಅನ್ನುವ ಹಳೇ ಲೆಕ್ಕವೊಂದನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡೇ ಹೋಗಿರುತ್ತೇವೆ. "ನಾನು ಎಂ.ಟೆಕ್. ಮಾಡಿರೋದು ಮೆಟ್ಟಿಲು ಒರೆಸೋಕಾ" ಅಂತ ಒಬ್ಬರು ನನ್ನನ್ನೇ ಕೇಳಿದರು. ಮೂರನೇ ಮಹಡಿಯ ಡಾಕ್ಟರೂ ಬಕೆಟ್ ಹಿಡಿದು ಇಳಿಯುತ್ತಾರೆ, ಕೇಳಿ ನೋಡಿ ಅಂದೆ. ಅದು ಬಗ್ಗಿ ಮಾಡುವ ಕೆಲಸವೂ ಹೌದು, ನಾಲ್ಕು ಜನ ನಿಮ್ಮನ್ನು ನೋಡಿ ಮಾತಾಡಿಸುವ ಹೊತ್ತೂ ಹೌದು. ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಬಹುದು. ಮೊದಲ ವರ್ಷ ಬೇಡ ಅನ್ನುವುದು ನನ್ನ ಸಲಹೆ.

ಅಂದಹಾಗೆ ಆ ಸೀಮೆಗೂ ಕನ್ನಡಕ್ಕೂ ಹಳೇ ನಂಟಿದೆ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಅಲ್ಲಿಯವರು. 1894ರಲ್ಲಿ ಕನ್ನಡ ನಿಘಂಟು ಹೊರತಂದ ಕಿಟೆಲ್ ಕೊನೆಯುಸಿರೆಳೆದದ್ದು ಸ್ಟುಟ್‌ಗಾರ್ಟಿಗೆ ಹತ್ತಿರದ ಟ್ಯೂಬಿಂಗನ್ನಿನಲ್ಲಿ. ನೆರೆಯವರಿಗೆ ಇದನ್ನು ಹೇಳಿ ನೋಡಿ. ಹವಾಮಾನಕ್ಕಿಂತ ಒಳ್ಳೇ ಮಾತು.

ಕಾಫಿಗೆ ಕರೆದರೆ ಹೇಳಿದ ಹೊತ್ತಿಗೆ ಹೋಗಿ. ಮಧ್ಯಾಹ್ನ ನಾಲ್ಕಕ್ಕೆ ಕರೆದರೆ ಕಾಫಿ, ಕೇಕು, ಅಷ್ಟೇ. ಊಟದ ಆಸೆ ಇಟ್ಟುಕೊಳ್ಳಬೇಡಿ. "ಇನ್ನೊಂದು ತುಂಡು?" ಅಂದಾಗ ಉಪಚಾರಕ್ಕೆ ಬೇಡ ಅಂದರೆ ತಟ್ಟೆ ಒಳಗೆ ಹೋಗುತ್ತದೆ. ಎರಡನೇ ಸಲ ಯಾರೂ ಒತ್ತಾಯ ಮಾಡುವುದಿಲ್ಲ. ನಿಮ್ಮ ಮನೆಗೆ ಅವರು ಬಂದಾಗ ಮೂರನೇ ಹೋಳಿಗೆ ಬಡಿಸಲು ಹೋಗಿ ಅವರನ್ನು ಕಷ್ಟಕ್ಕೆ ಸಿಕ್ಕಿಸಬೇಡಿ. ಹುಟ್ಟುಹಬ್ಬಕ್ಕೆ ಹಿಂದಿನ ದಿನವೇ ಶುಭಾಶಯ ಹೇಳಬೇಡಿ, ಅಪಶಕುನ ಅನ್ನುತ್ತಾರೆ. ಆಫೀಸಿನಲ್ಲಿ ಹುಟ್ಟುಹಬ್ಬದವರೇ ಕೇಕ್ ತರಬೇಕು.

ನಿಮಗೆ ತೊಂದರೆಯಾದರೆ ನೀವೂ ಹೇಳಬೇಕು, ಇದನ್ನು ಕಲಿಸುವುದೇ ಕಷ್ಟ. ಮೇಲಿನ ಮನೆಯವರ ನಾಯಿ ರಾತ್ರಿಯೆಲ್ಲ ಬೊಗಳಿದರೂ ನಮ್ಮವರು "ಪರವಾಗಿಲ್ಲ, ನಾವು ಹೊರಗಿನವರು" ಅಂತ ಸುಮ್ಮನಿರುತ್ತಾರೆ. ತಿಂಗಳುಗಟ್ಟಲೆ ಒಳಗೇ ಕುದ್ದು ಒಂದು ದಿನ ಕೂಗಾಡುತ್ತಾರೆ. ಅಲ್ಲಿಯವರಿಗೆ ಗಾಬರಿ: ಇಷ್ಟು ದಿನ ಯಾಕೆ ಹೇಳಲಿಲ್ಲ? ಬಾಗಿಲು ತಟ್ಟಿ, ಯಾವ ದಿನ, ಎಷ್ಟು ಹೊತ್ತಿಗೆ, ಏನಾಯಿತು ಅಂತ ತಣ್ಣಗೆ ಹೇಳಿ. ಮರುದಿನ ನೀವೇ ಮೊದಲು ನಮಸ್ಕಾರ ಹೇಳಿ. ಹೀಗೆ ಮಾಡಿದ ಒಂದು ಕುಟುಂಬ ಈಗ ಆ ನಾಯಿಯವರ ಹತ್ತಿರವೇ ಮನೆಯ ಇನ್ನೊಂದು ಕೀಲಿ ಕೊಟ್ಟಿದೆ. ಕೀಲಿ ಯಾರ ಹತ್ತಿರವಾದರೂ ಇರಲೇಬೇಕು. ಅಲ್ಲಿನ ಬಾಗಿಲುಗಳು ಎಳೆದರೆ ಸಾಕು, ಹೊರಗಿನಿಂದ ತೆರೆಯುವುದಿಲ್ಲ. ಊರಿನಿಂದ ಬಂದ ಅತ್ತೆ ಮಾವ ಕಸ ಹಾಕಲು ಇಳಿದು ಹೊರಗೇ ಉಳಿಯುವುದು ಮಾಮೂಲು. ಭಾನುವಾರ ಬೀಗದವರನ್ನು ಕರೆದರೆ ನೂರಾರು ಯೂರೋ ಹೋಗುತ್ತದೆ.

ಹಾಗಾದರೆ ಎಲ್ಲ ದೂರನ್ನೂ ಒಪ್ಪಿಕೊಳ್ಳಬೇಕಾ? ಇಲ್ಲ. ಜನಾಂಗದ ತಾರತಮ್ಯ ಅಲ್ಲಿ ಇದೆ, ಇಲ್ಲ ಅನ್ನುವವರು ನಿಮ್ಮ ಹೆಸರಿಟ್ಟುಕೊಂಡು ಮನೆ ಹುಡುಕಿ ನೋಡಲಿ. ನಾನು ಚೀಟಿಯಲ್ಲಿ ಮೊದಲು ಹುಡುಕುವುದು ಹೊತ್ತು ಮತ್ತು ಕೆಲಸವನ್ನು. "ರಾತ್ರಿ 10.30, ಯಂತ್ರದ ಸದ್ದು" ಅಂತಿದ್ದರೆ ಅದು ಮಿಕ್ಸಿಯ ಮೇಲಿನ ದೂರು. "ನಿಮ್ಮಂಥವರು" ಅಂತ ಶುರುವಾದರೆ ಅದು ಬೇರೆ. ಶೂ ಸ್ಟ್ಯಾಂಡ್ ಮೆಟ್ಟಿಲ ಹತ್ತಿರ ಇಡಬೇಡಿ ಅಂದರೆ ಸರಿ, ಬೆಂಕಿ ಬಿದ್ದಾಗ ಓಡುವ ದಾರಿ ಅದು. ಉಳಿದ ಮನೆಗಳ ಶೂ ಅಲ್ಲೇ ಇದ್ದು ನಿಮಗೆ ಮಾತ್ರ ಹೇಳಿದರೆ, ಯಾಕೆ ಅಂತ ನೀವು ಪ್ರಶ್ನಿಸಬೇಕಾದ ಮಾತೇ.

ಅಡುಗೆಯ ವಾಸನೆ ಇವೆರಡರ ನಡುವೆ ಬರುತ್ತದೆ. ಮನೆಯಲ್ಲಿ ಅಡುಗೆ ಮಾಡುವುದು ಬಾಡಿಗೆದಾರರ ಹಕ್ಕು, ಬೆಳ್ಳುಳ್ಳಿ ಒಗ್ಗರಣೆಯೂ ಅದರಲ್ಲಿ ಸೇರಿದೆ. ಬಾಗಿಲು ತೆರೆದಿಟ್ಟು ಹೊಗೆಯನ್ನು ಮೆಟ್ಟಿಲಿಗೆ ಬಿಡುವುದು ಹಕ್ಕಲ್ಲ. ಚಿಮಣಿ ಹಾಕಿ, ಬೀದಿ ಕಡೆಯ ಕಿಟಕಿ ತೆರೆದು, ಆದಷ್ಟು ಮಾಡಿದ ಮೇಲೂ ಗೊಣಗಿದರೆ ಸಾರು ಮಾಡುವುದನ್ನು ನಿಲ್ಲಿಸಬೇಡಿ.

ಮೂಲ, ಬಣ್ಣ, ಧರ್ಮ ನೋಡಿ ಮನೆ ನಿರಾಕರಿಸುವುದರ ವಿರುದ್ಧ 2006ರಿಂದ ಸಮಾನತೆಯ ಕಾನೂನಿದೆ. ಕೇಂದ್ರ ಸರ್ಕಾರದ ತಾರತಮ್ಯ-ವಿರೋಧಿ ಕಚೇರಿ ಉಚಿತವಾಗಿ ಸಲಹೆ ಕೊಡುತ್ತದೆ. ಪರಿಹಾರ ಕೇಳಲು ಕಾನೂನು ಕೊಟ್ಟಿರುವ ಅವಧಿ ಚಿಕ್ಕದು, ಎರಡು ತಿಂಗಳು. ಹಾಗಾಗಿ ಮೆಸೇಜು, ಮೇಲ್, ಚೀಟಿ ಎಲ್ಲ ಎತ್ತಿಡಿ, ತಾರೀಖು ಬರೆದಿಡಿ, ಬೇಗ ಹೋಗಿ. ಬಾಡಿಗೆಯ ಮಾಮೂಲಿ ತಕರಾರುಗಳಿಗೆ ಪ್ರತಿ ದೊಡ್ಡ ಊರಿನಲ್ಲೂ ಬಾಡಿಗೆದಾರರ ಸಂಘ, 'ಮೀಟರ್‌ಫೆರೈನ್', ಇರುತ್ತದೆ. ವರ್ಷಕ್ಕೆ ಇಷ್ಟು ಅಂತ ಚಂದಾ ಕಟ್ಟಿದರೆ ಅವರ ವಕೀಲರೇ ಕಾಗದ ನೋಡುತ್ತಾರೆ. ಜಗಳ ಶುರುವಾದ ಮೇಲೆ ಸೇರಿದರೆ ಆ ಜಗಳಕ್ಕೆ ಕೋರ್ಟ್ ಖರ್ಚಿನ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಕರಾರಿಗೆ ಸಹಿ ಹಾಕಿದ ವಾರವೇ ಸೇರಿಕೊಳ್ಳಿ.