ಬ್ಯಾಟರಿ ಇರುವುದು ಮೈಲೇಜ್‌ಗಲ್ಲ

ವಾರಾಂತ್ಯ ಬಂತೆಂದರೆ ಬೆಂಗಳೂರಿನ ದುಬಾರಿ ಕಾರುಗಳು ಹಾಸನ ದಾಟಿ, ಬೇಲೂರು ರಸ್ತೆ ಹಿಡಿದು ಚಿಕ್ಕಮಗಳೂರಿನ ಗಿರಿ ಕಡೆ ಹೊರಡುತ್ತವೆ. ಅಂಥದ್ದೊಂದು ಸೂಪರ್‌ಕಾರು ಟೀ ಅಂಗಡಿ ಮುಂದೆ ನಿಂತರೆ ಸಾಕು, ಜನ ಸೇರುತ್ತಾರೆ. ಅದು ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ-ಮೋಟಾರೂ ಇರುವ ಕಾರು, ಅಂತ ಯಾರಾದರೂ ಹೇಳಿದ ಕೂಡಲೇ ಪ್ರಶ್ನೆ ಬರುತ್ತದೆ: "ಹಾಗಾದ್ರೆ ಮೈಲೇಜ್ ಎಷ್ಟು ಬರತ್ತೆ?" ಕೇಳುವವರದ್ದು ತಪ್ಪಲ್ಲ. ನಮ್ಮಲ್ಲಿ ಹೈಬ್ರಿಡ್ ಅಂದರೆ ಪೆಟ್ರೋಲ್ ಉಳಿಸುವ ಮನೆ ಕಾರು. ಆದರೆ ಸೂಪರ್‌ಕಾರಿಗೆ ಬ್ಯಾಟರಿ ಹಾಕಿರುವ ಕಾರಣವೇ ಬೇರೆ. ಆ ಕಾರಣ ಇಷ್ಟು ಚೆನ್ನಾಗಿದೆ, ಅದನ್ನು ಬಿಡಿಸಿ ಹೇಳದೆ ಇರಲಾಗುವುದಿಲ್ಲ.

ಫೆರಾರಿ 2019ರಲ್ಲಿ ತೋರಿಸಿದ ಎಸ್‌ಎಫ್90 ಸ್ಟ್ರಾಡಾಲೆಯನ್ನೇ ತೆಗೆದುಕೊಳ್ಳೋಣ. ನಾಲ್ಕು ಲೀಟರಿನ, ಎರಡು ಟರ್ಬೊ ಇರುವ ವಿ8 ಎಂಜಿನ್ ಕೊಡುವುದು 780 ಅಶ್ವಶಕ್ತಿ. ಮೂರು ವಿದ್ಯುತ್ ಮೋಟಾರುಗಳದ್ದು 220. ಒಟ್ಟು ಸಾವಿರ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು 2.5 ಸೆಕೆಂಡ್, 200 ಮುಟ್ಟಲು 6.7 ಸೆಕೆಂಡ್. ಗರಿಷ್ಠ ವೇಗ 340.

ಬ್ಯಾಟರಿ ಮಾತ್ರ 7.9 ಕಿಲೋವ್ಯಾಟ್-ಗಂಟೆಯದ್ದು. ಅಂದರೆ ಮೆಸ್ಕಾಂ ಬಿಲ್ಲಿನ ಲೆಕ್ಕದಲ್ಲಿ ಎಂಟು ಯೂನಿಟ್ ಕೂಡ ಇಲ್ಲ. ಒಂದೇ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ ಶಕ್ತಿ ಇದೆ! ಎಂಜಿನ್ ಅದರಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ ಕಳೆದುಕೊಳ್ಳುತ್ತದೆ ಎಂದುಕೊಂಡರೂ ಇಡೀ ಬ್ಯಾಟರಿ ಮೂರು-ನಾಲ್ಕು ಲೀಟರಿಗೆ ಸಮ. ಬರೀ ಕರೆಂಟಿನಲ್ಲಿ ಈ ಕಾರು 25 ಕಿ.ಮೀ. ಓಡುತ್ತದೆ. ಚಿಕ್ಕಮಗಳೂರಿನಿಂದ ಹೊರಟರೆ ಬೇಲೂರು ಬರುವಷ್ಟರಲ್ಲಿ ಮುಗಿಯಿತು. ಮೋಟಾರುಗಳು ಮೂರೂ ಪೂರ್ತಿ ಜೋರಿನಲ್ಲಿ ದುಡಿದರಂತೂ ಈ ಬ್ಯಾಟರಿ ಮೂರು ನಿಮಿಷಕ್ಕೂ ಸಾಲದು.

ಹೈಬ್ರಿಡ್ ಸಾಮಾನಿನ ಒಟ್ಟು ತೂಕ ಸುಮಾರು 270 ಕೆ.ಜಿ. ಒಂದೊಂದು ಕೆ.ಜಿ. ಇಳಿಸಲು ಕಾರ್ಬನ್ ಫೈಬರ್ ಬಳಸುವ ಎಂಜಿನಿಯರುಗಳು ಮೂರು ಲೀಟರ್ ಪೆಟ್ರೋಲ್ ಉಳಿಸೋಕೆ ಇಷ್ಟು ಭಾರ ಹೊರಿಸುತ್ತಾರಾ? ಇಲ್ಲ.

ಮೊದಲು ಟರ್ಬೊ ಎಂಜಿನ್ನಿನ ಕಷ್ಟ ನೋಡೋಣ. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ತೋಟಕ್ಕೆ ಹೂವಿನ ನೀರು ಕೊಡುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕೆರೆ ಹತ್ತಿರ ಡೀಸೆಲ್ ಪಂಪ್ ಸ್ಟಾರ್ಟ್ ಮಾಡಿದ ಕ್ಷಣಕ್ಕೇ ಗುಡ್ಡದ ಮೇಲಿನ ಕೊನೆಯ ಸ್ಪ್ರಿಂಕ್ಲರ್ ತಿರುಗುವುದಿಲ್ಲ. ಪೈಪು ತುಂಬಬೇಕು, ಒತ್ತಡ ಏರಬೇಕು. ಆಗ ಮೊದಲು ಒಂದು ಕೆಮ್ಮು, ಆಮೇಲೆ ತೊಟ್ಟು ತೊಟ್ಟು ನೀರು, ಆಮೇಲೆ ಜೋರು. ಟರ್ಬೊ ಕೂಡ ಹಾಗೆ. ಎಂಜಿನ್ ಉಗುಳುವ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ನೀವು ಆಕ್ಸಿಲರೇಟರ್ ಒತ್ತಿದಾಗ ಮೊದಲು ಹೊಗೆ ಜಾಸ್ತಿಯಾಗಬೇಕು, ಚಕ್ರ ವೇಗ ಹಿಡಿಯಬೇಕು, ಗಾಳಿಯ ಒತ್ತಡ ಏರಬೇಕು, ಆಮೇಲೆ ಬಲ. ಈ ತಡ ಸೆಕೆಂಡಿನ ಒಂದು ಚೂರು. ಆದರೆ 2.5 ಸೆಕೆಂಡಿನ ಆಟದಲ್ಲಿ ಆ ಚೂರೇ ದೊಡ್ಡದು.

ವಿದ್ಯುತ್ ಮೋಟಾರಿಗೆ ಈ ಕಾಯುವಿಕೆ ಇಲ್ಲ. ಅದರ ತಿರುಗುಬಲ ಬರುವುದು ಸುರುಳಿಯಲ್ಲಿ ಹರಿಯುವ ಕರೆಂಟಿನಿಂದ. ಕರೆಂಟ್ ಏರಲು ಕೆಲವೇ ಮಿಲಿಸೆಕೆಂಡ್ ಸಾಕು. ಮೋಟಾರ್ ನಿಂತೇ ಇದ್ದರೂ ಪೂರ್ತಿ ಬಲ ಸಿಗುತ್ತದೆ. ಅಷ್ಟೇ ಅಲ್ಲ, ನಿಂತಲ್ಲಿಂದ ಹೊರಡುವಾಗಲೇ ಅದರ ಬಲ ಅತಿ ಹೆಚ್ಚು. ಏಕೆ? ಮೋಟಾರ್ ತಿರುಗಲು ಶುರು ಮಾಡಿದ ಕೂಡಲೇ ಅದು ಡೈನಮೋ ಕೂಡ ಆಗಿಬಿಡುತ್ತದೆ. ಆಯಸ್ಕಾಂತದ ಪಕ್ಕದಲ್ಲಿ ಸುರುಳಿ ಓಡಿದರೆ ವೋಲ್ಟೇಜ್ ಹುಟ್ಟಲೇಬೇಕು, ಅಲ್ವಾ? 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮ ಇದು. ಹೀಗೆ ಹುಟ್ಟಿದ ವೋಲ್ಟೇಜ್ ಬ್ಯಾಟರಿಯಿಂದ ಬರುವ ವೋಲ್ಟೇಜಿಗೆ ಎದುರು ನಿಲ್ಲುತ್ತದೆ. ವೇಗ ಹೆಚ್ಚಿದಷ್ಟೂ ಎದುರು ನಿಲ್ಲುವುದು ಹೆಚ್ಚು, ಒಳಗೆ ನುಗ್ಗುವ ಕರೆಂಟ್ ಕಡಿಮೆ, ಬಲವೂ ಕಡಿಮೆ. ಎಂಜಿನ್ ನಿಧಾನಕ್ಕೆ ತಿರುಗುವಾಗ ಸೋಮಾರಿ, ಜೋರಾಗಿ ತಿರುಗುವಾಗ ಶೂರ. ಮೋಟಾರ್ ಇದಕ್ಕೆ ಪೂರಾ ಉಲ್ಟಾ. ಒಂದರ ಕೊರತೆ ಇರುವ ಜಾಗದಲ್ಲೇ ಇನ್ನೊಂದರ ಬಲ ಇದೆ. ನನಗೆ ಈ ಕಾರಿನ ನಿಜವಾದ ಸೊಗಸು ಕಾಣುವುದು ಇಲ್ಲಿ, ಸಾವಿರ ಅನ್ನುವ ಅಂಕಿಯಲ್ಲಲ್ಲ.

ಆ ಅಂಕಿಯನ್ನೇ ಸ್ವಲ್ಪ ಲೆಕ್ಕ ಹಾಕಿ ನೋಡಿ. ಡ್ರೈವರ್, ಪೆಟ್ರೋಲ್ ಎಲ್ಲ ಸೇರಿ ಕಾರಿನ ತೂಕ 1,750 ಕೆ.ಜಿ. ಅಂತ ಇಟ್ಟುಕೊಳ್ಳೋಣ. ಅದನ್ನು 2.5 ಸೆಕೆಂಡಿನಲ್ಲಿ 100ರ ವೇಗಕ್ಕೆ ತರಲು ಬೇಕಾಗುವ ಸರಾಸರಿ ಶಕ್ತಿ ಸುಮಾರು 370 ಅಶ್ವಶಕ್ತಿ ಮಾತ್ರ. ಉಳಿದ ಆರುನೂರು ಚಿಲ್ಲರೆ ಎಲ್ಲಿ ಹೋಯಿತು? ಬಳಸಲು ಆಗಲೇ ಇಲ್ಲ. ಅಷ್ಟನ್ನೂ ಕೊಟ್ಟರೆ ಟೈರ್ ನಿಂತಲ್ಲೇ ಸುತ್ತಿ ಸುಟ್ಟುಹೋಗುತ್ತದೆ. ಮೇಲಿನಿಂದ ಕೈಬಿಟ್ಟ ವಸ್ತುವಿಗೂ 100ರ ವೇಗ ಬರಲು 2.8 ಸೆಕೆಂಡ್ ಬೇಕು. ಈ ಕಾರು ಅದಕ್ಕಿಂತ ಬೇಗ ವೇಗ ಹಿಡಿಯುತ್ತದೆ. ಇಲ್ಲಿ ಮಿತಿ ಹಾಕುವುದು ಎಂಜಿನ್ ಅಲ್ಲ, ಟೈರಿಗೂ ರಸ್ತೆಗೂ ನಡುವಿನ ಹಿಡಿತ. ನಾಲ್ಕು ಚಕ್ರಗಳೂ ತಳ್ಳಿದರೆ ಮಾತ್ರ ಇದು ಸಾಧ್ಯ. ಎಂಜಿನ್ ಇರುವುದು ಹಿಂದೆ. ಮುಂದಿನ ಚಕ್ರಗಳಿಗೆ ಉದ್ದನೆಯ ಶಾಫ್ಟ್ ಎಳೆಯುವ ಬದಲು ಒಂದೊಂದಕ್ಕೆ ಒಂದೊಂದು ಮೋಟಾರ್ ಕೊಟ್ಟಿದ್ದಾರೆ. ರಿವರ್ಸ್ ಹೋಗುವುದೂ ಅವುಗಳಿಂದಲೇ. ಈ ಕಾರಿನ ಗೇರ್‌ಬಾಕ್ಸಿನಲ್ಲಿ ರಿವರ್ಸ್ ಗೇರೇ ಇಲ್ಲ.

ಚಾರ್ಮಾಡಿಯಂಥ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಈ ಎರಡು ಮೋಟಾರುಗಳ ಕೆಲಸ ಇನ್ನೂ ಚೆಂದ. ಎಡಕ್ಕೆ ತಿರುಗುವಾಗ ಬಲಗಡೆಯ ಚಕ್ರ ಹೊರಸುತ್ತಿನಲ್ಲಿ ಓಡುತ್ತದೆ. ಕಂಪ್ಯೂಟರ್ ಅದಕ್ಕೆ ಹೆಚ್ಚು ಬಲ ಕೊಟ್ಟು, ಎಡಗಡೆಯದ್ದಕ್ಕೆ ಕಡಿಮೆ ಕೊಡುತ್ತದೆ. ಆಗ ಕಾರಿನ ಮೂತಿ ತಾನಾಗಿಯೇ ಒಳಕ್ಕೆ ತಿರುಗುತ್ತದೆ. ಸ್ಟೇರಿಂಗ್ ಮಾಡುವ ಕೆಲಸದಲ್ಲಿ ಒಂದು ಪಾಲನ್ನು ಕರೆಂಟ್ ಮಾಡಿತು ಅಂದ ಹಾಗೆ.

ಇದೆಲ್ಲ ಹೊಸ ಕಾಲದ ಬುದ್ಧಿ ಅಂದುಕೊಳ್ಳಬೇಡಿ. ಫರ್ಡಿನಾಂಡ್ ಪೋರ್ಷೆ 1900ರ ಹೊತ್ತಿಗೇ ಚಕ್ರದೊಳಗೆ ಮೋಟಾರ್ ಇಟ್ಟು, ಪೆಟ್ರೋಲ್ ಎಂಜಿನ್ನಿನಿಂದ ಜನರೇಟರ್ ತಿರುಗಿಸುವ ಗಾಡಿ ಮಾಡಿದ್ದರು. ನಮ್ಮ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ದಾರಿಯಲ್ಲಿ, 50 ಮೀಟರಿಗೆ ಒಂದು ಮೀಟರ್ ಏರುವ ಆ ಕಡಿದಾದ ಘಾಟಿಯಲ್ಲಿ, ವರ್ಷಗಟ್ಟಲೆ ದುಡಿದ ಡೀಸೆಲ್ ಲೋಕೋಗಳೂ ಅದೇ ಜಾತಿ. ಅವುಗಳ ಡೀಸೆಲ್ ಎಂಜಿನ್ ಚಕ್ರವನ್ನು ಮುಟ್ಟುವುದೇ ಇಲ್ಲ. ಕರೆಂಟ್ ತಯಾರಿಸುತ್ತದೆ, ಚಕ್ರ ತಿರುಗಿಸುವುದು ಮೋಟಾರು. ಇಳಿಯುವಾಗ ಅದೇ ಮೋಟಾರನ್ನು ಡೈನಮೋ ಮಾಡಿ ರೈಲಿನ ವೇಗ ಹಿಡಿಯುತ್ತಾರೆ. ಹುಟ್ಟಿದ ಕರೆಂಟನ್ನು ಇಡಲು ಬ್ಯಾಟರಿ ಇಲ್ಲ, ಹಾಗಾಗಿ ದೊಡ್ಡ ರೆಸಿಸ್ಟರುಗಳಲ್ಲಿ ಬಿಸಿ ಮಾಡಿ ಗಾಳಿಗೆ ಬಿಡುತ್ತಾರೆ. ಅದನ್ನು ಉಳಿಸಿಕೊಳ್ಳುವ ವಿದ್ಯೆ ರೇಸಿಗೆ ಬಂದದ್ದು 2009ರಲ್ಲಿ. ಫಾರ್ಮುಲಾ ಒನ್ ಕಾರುಗಳಿಗೆ ಬ್ರೇಕ್ ಹಾಕಿದಾಗಿನ ಶಕ್ತಿಯಲ್ಲಿ ಪ್ರತಿ ಸುತ್ತಿಗೆ 400 ಕಿಲೋಜೂಲ್ ವಾಪಸ್ ಬಳಸಲು ಬಿಟ್ಟರು. ಅದು ಯೂನಿಟ್ಟಿನ ಒಂಬತ್ತನೇ ಒಂದು ಭಾಗ, ಅಷ್ಟೇ! ಆ ವರ್ಷ ಹಂಗೇರಿಯಲ್ಲಿ ಲೂಯಿಸ್ ಹ್ಯಾಮಿಲ್ಟನ್ ಅಂಥ ಕಾರಿನಲ್ಲಿ ಮೊದಲ ಗೆಲುವು ಪಡೆದರು. ನಾಲ್ಕು ವರ್ಷದಲ್ಲಿ, 2013ಕ್ಕೆ, ಮೆಕ್ಲಾರೆನ್ ಪಿ1, ಪೋರ್ಷೆ 918, ಲಾಫೆರಾರಿ ಎಂಬ ಮೂರು ಹೈಬ್ರಿಡ್ ಸೂಪರ್‌ಕಾರುಗಳು ಬಂದವು.

ಈಗ ನನಗೆ ತಲೆಬಿಸಿ ಮಾಡುವ ವಿಷಯಕ್ಕೆ ಬರುತ್ತೇನೆ. ವಾಟ್ಸಾಪಿನಲ್ಲಿ ಒಂದು ಬಗೆಯ ವಿಡಿಯೊ ಸುತ್ತುತ್ತಲೇ ಇರುತ್ತದೆ. ಚಕ್ರಕ್ಕೆ ಡೈನಮೋ ಕಟ್ಟಿ, ಓಡುತ್ತಾ ತಾನೇ ಚಾರ್ಜ್ ಆಗುವ, ಯಾವತ್ತೂ ನಿಲ್ಲದ ಗಾಡಿ. ಗ್ಯಾರೇಜ್ ಹುಡುಗರು ತೋರಿಸಿ, "ಅಣ್ಣಾ, ಫೆರಾರಿಯವ್ರು ಮಾಡಿರೋದೂ ಇದೇ ಅಲ್ವಾ?" ಅನ್ನುತ್ತಾರೆ. ಖಂಡಿತ ಅಲ್ಲ. ಡೈನಮೋ ಸುಮ್ನೆ ತಿರುಗುವುದಿಲ್ಲ. ಕರೆಂಟ್ ತೆಗೆದಷ್ಟೂ ಅದು ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ. ಹಳೇ ಸೈಕಲ್ಲಿನ ಡೈನಮೋ ಟೈರಿಗೆ ತಾಗಿಸಿದ ಕೂಡಲೇ ಪೆಡಲ್ ಭಾರವಾಗುತ್ತಿತ್ತಲ್ಲ, ಅದೇ ನಿಯಮ. ಸಮತಟ್ಟು ರಸ್ತೆಯಲ್ಲಿ ಎಳೆದು ತೆಗೆದ ಕರೆಂಟಿನಿಂದ ಮತ್ತೆ ತಳ್ಳಿದರೆ ಪ್ರತಿ ಸಲವೂ ನಷ್ಟವೇ. ಹೇಗೂ ವೇಗ ಕಡಿಮೆ ಮಾಡಲೇಬೇಕಾದಾಗ, ಬ್ರೇಕಿನಲ್ಲಿ ಬಿಸಿಯಾಗಿ ಹೋಗುವುದನ್ನು ಹಿಡಿದರೆ ಮಾತ್ರ ಲಾಭ.

ಆ ಲಾಭ ಎಷ್ಟು? ಗಿರಿಯಿಂದ ಚಿಕ್ಕಮಗಳೂರಿಗೆ 700 ಮೀಟರ್ ಇಳಿದಿರಿ ಅಂದುಕೊಳ್ಳಿ. 1,750 ಕೆ.ಜಿ. ಕಾರಿಗೆ ಆ ಎತ್ತರದ ಬೆಲೆ 3.3 ಯೂನಿಟ್. ಟೈರಿನ ಉಜ್ಜಾಟ, ಗಾಳಿಯ ತಡೆ, ಮೋಟಾರು-ಬ್ಯಾಟರಿಗಳಲ್ಲಿ ಆಗುವ ಸೋರಿಕೆ ಕಳೆದರೆ ಕೈಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ಯೂನಿಟ್ ಆಸುಪಾಸು. ಹತ್ತುವಾಗ ಇದೇ ಉಜ್ಜಾಟ 3.3ರ ಮೇಲೆ ಸೇರಿರುತ್ತದೆ. ಹಾಗಾಗಿ ಕೊಟ್ಟದ್ದರಲ್ಲಿ ಮೂರನೇ ಒಂದು ಪಾಲು ವಾಪಸ್ ಬಂದರೆ ಅದೇ ದೊಡ್ಡದು.

ಅದೂ ಬ್ಯಾಟರಿಯಲ್ಲಿ ಜಾಗ ಇದ್ದರೆ. ತುಂಬಿದ ಬ್ಯಾಟರಿಗೆ ಇನ್ನಷ್ಟು ತುರುಕಲು ಆಗುವುದಿಲ್ಲ. ಆಗ ಮೋಟಾರ್ ಕೈಚೆಲ್ಲುತ್ತದೆ, ಇಳಿಜಾರಿನ ಭಾರವೆಲ್ಲ ಎಂಜಿನ್ ಮತ್ತು ಬ್ರೇಕ್ ಡಿಸ್ಕುಗಳ ಮೇಲೆ ಬೀಳುತ್ತದೆ. ಪ್ಲಗ್ ಹಾಕುವ ಯಾವ ಕಾರಾದರೂ ಸರಿ, ಬೆಟ್ಟದ ಮೇಲಿನ ಹೋಂಸ್ಟೇಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ ಭರ್ತಿ ಮಾಡಬೇಡಿ. ಸ್ವಲ್ಪ ಖಾಲಿ ಬಿಟ್ಟುಕೊಂಡೇ ಘಾಟಿ ಇಳಿಯಿರಿ.